ಬೇರಿಗಲ್ಲ, ಗಾಳಿಗೆ ನೀರು

ಸಂಕೇಶ್ವರವನ್ನು ಹಾದು ಹರಿಯುವ ಹಿರಣ್ಯಕೇಶಿ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿ ಘಟ್ಟದಲ್ಲಿ. ಗಡಹಿಂಗ್ಲಜ, ಆಜರಾ ದಾಟಿದರೆ ಒಂದೆರಡು ತಾಸಿನ ದಾರಿ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಆಷಾಢ, ಶ್ರಾವಣದಲ್ಲಿ ಹತ್ತು ಹೆಜ್ಜೆ ಮುಂದಿನವರು ಕಾಣದಷ್ಟು ಮಂಜು. ಅದೇ ಹೊಳೆ ಹುಕ್ಕೇರಿ ತಾಲೂಕಿಗೆ ಇಳಿದು, ಘಟಪ್ರಭೆಯಲ್ಲಿ ಕೂಡಿ, ಗೋಕಾಕದಲ್ಲಿ 52 ಮೀಟರ್ ಧುಮುಕುವ ಹೊತ್ತಿಗೆ ಸುತ್ತಲಿನ ನೆಲದ ಗುಣವೇ ಬದಲಾಗಿರುತ್ತದೆ. ಇಲ್ಲಿನ ವರ್ಷದ ಮಳೆ 500ರಿಂದ 700 ಮಿಲಿಮೀಟರ್. ಚೈತ್ರ, ವೈಶಾಖದ ಮಧ್ಯಾಹ್ನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ನೀರು ಕಾಲುವೆಯಲ್ಲಿ ಬರುತ್ತದೆ, ಆದರೆ ಮಂಜು ಹೊಳೆಯ ಜೊತೆ ಇಳಿದು ಬರುವುದಿಲ್ಲ.

ಅಂಬೋಲಿಯ ಕಡೆಯ ಒದ್ದೆ ಬಂಡೆಗಳ ಬಿರುಕಿನಲ್ಲಿ, ಪಾಚಿಗಟ್ಟಿದ ಮರದ ಬೊಡ್ಡೆಗಳಲ್ಲಿ ಮಳೆಗಾಲಕ್ಕೆ ಏಳುವ ಒಂದು ಗಿಡವಿದೆ. ಗೇಣುದ್ದವೂ ಇರದ ಗಿಡ, ನೀರು ತುಂಬಿದ ಗಾಜಿನ ಕೊಳವೆಯಂಥ ದಂಟು, ತಿಳಿಗುಲಾಬಿ ಹೂ. ಬಿಗೋನಿಯಾ ಕ್ರೆನಾಟಾ ಎಂಬುದು ಸಸ್ಯಶಾಸ್ತ್ರದವರು ಇಟ್ಟ ಹೆಸರು. ನರ್ಸರಿಗಳಲ್ಲಿ ಮೇಣದಂಥ ಎಲೆಯ ಕೆಂಪು ಹೂವಿನ ಬಿಗೋನಿಯಾ ನೋಡಿದವರಿಗೆ ಇದು ಅದೇ ಬಳಗದ್ದು ಎಂದರೆ ನಂಬಿಕೆ ಬರುವುದಿಲ್ಲ. ಈ ಕುಲದಲ್ಲಿ ಇಂದು 2000ಕ್ಕೂ ಹೆಚ್ಚು ಜಾತಿಗಳಿವೆ, ಇನ್ನೂ ಹೊಸವು ಸಿಗುತ್ತಲೇ ಇವೆ. ಅವುಗಳಲ್ಲಿ ಬಹುಪಾಲು ಮಳೆಕಾಡಿನ ನೆರಳಿನವು. ಬೋರ್ನಿಯೋ, ಮಲೇಷ್ಯಾ, ವಿಯೆಟ್ನಾಂ, ಬ್ರೆಜಿಲ್, ಪಶ್ಚಿಮ ಆಫ್ರಿಕಾ, ನಮ್ಮ ಸಹ್ಯಾದ್ರಿ ಮತ್ತು ಈಶಾನ್ಯ ರಾಜ್ಯಗಳು ಅವುಗಳ ತವರು. ಇಂಥ ಗಿಡವನ್ನು ಗೋಕಾಕದ ಗಚ್ಚಿನ ಮನೆಯೊಳಗೆ, ಮೂಡಲಗಿಯ ಎರೆಹೊಲದ ಊರಿನಲ್ಲಿ, ಹುಕ್ಕೇರಿಯ ಒಣಗಾಳಿಯಲ್ಲಿ ಬೆಳೆಸಬಹುದೇ? ಬೆಳೆಸಬಹುದು. ಹಾಗೆ ಬೆಳೆಸುವುದನ್ನು ನಾನು ಹವ್ಯಾಸ ಎನ್ನುವುದಕ್ಕಿಂತ ಕಸುಬು ಎಂದೇ ಕರೆಯುತ್ತೇನೆ, ಏಕೆಂದರೆ ಕೈ ಪಳಗಬೇಕು, ಕಣ್ಣು ಪಳಗಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ತಂಬಿಗೆ ಹಿಡಿದ ಕೈಗೆ ತಡೆ ಬರಬೇಕು.

ಮೊದಲು ಗಿಡದ ಪರಿಚಯವಾಗಲಿ. ಬಿಗೋನಿಯಾವನ್ನು ಎಲೆಯಿಂದಲೇ ಗುರುತಿಸಬಹುದು. ನಡುವಿನ ನರದ ಎರಡೂ ಮಗ್ಗುಲು ಒಂದೇ ಅಳತೆಯಲ್ಲಿರುವುದು ಕಡಿಮೆ, ಒಂದು ಮಗ್ಗುಲು ಅಗಲ, ಇನ್ನೊಂದು ಸಣ್ಣ. ಅನೇಕ ಜಾತಿಗಳ ದಂಟು ಕಚ್ಚಿದರೆ ಹುಳಿ, ಆಕ್ಸಾಲಿಕ್ ಆಮ್ಲದ ಹುಳಿ. ಈಶಾನ್ಯದ ಬೆಟ್ಟಗಳಲ್ಲಿ ಕೆಲವು ಜಾತಿಗಳ ದಂಟನ್ನು ಉಪ್ಪಿನಕಾಯಿಗೂ ಚಟ್ನಿಗೂ ಬಳಸುತ್ತಾರೆ. ಕುಂಡದ ಗಿಡವನ್ನು ಯಾರೂ ರುಚಿ ನೋಡಲು ಹೋಗಬಾರದು. ಹೂವಿನ ಕತೆ ಇನ್ನೂ ಸ್ವಾರಸ್ಯದ್ದು. ಒಂದೇ ಗಿಡದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಹಿಂದೆ ಸಾಮಾನ್ಯವಾಗಿ ಮೂರು ರೆಕ್ಕೆಯ ಅಂಡಾಶಯ ಕಾಣುತ್ತದೆ. ಗಂಡು ಹೂವಿನಲ್ಲಿ ಜೇನ್ನೊಣಕ್ಕೆ ಪರಾಗ ಸಿಗುತ್ತದೆ. ಹೆಣ್ಣು ಹೂವಿನಲ್ಲಿ ಪರಾಗವೂ ಇಲ್ಲ, ಬಹುಮಟ್ಟಿಗೆ ಮಕರಂದವೂ ಇಲ್ಲ. ಆದರೂ ಅದರ ಹಳದಿ ಶಲಾಕಾಗ್ರ ಸುರುಳಿಸುತ್ತಿಕೊಂಡು ಥೇಟ್ ಕೇಸರಗಳ ಗೊಂಚಲಿನಂತೆ ಕಾಣುವುದರಿಂದ ಹುಳ ಮೋಸಹೋಗಿ ಬಂದು ಕೂರುತ್ತದೆ, ಮೈಗಂಟಿದ ಪರಾಗ ಬಿಟ್ಟು ಹೋಗುತ್ತದೆ.

ಬಿಗೋನಿಯಾ ಎಂಬ ಹೆಸರು ಫ್ರೆಂಚ್ ಅಧಿಕಾರಿ ಮಿಶೆಲ್ ಬೆಗೊನನದು. ಕೆರಿಬಿಯನ್ ದ್ವೀಪಗಳಲ್ಲಿ ಗಿಡ ಹುಡುಕಿ ಅಲೆದ ಶಾರ್ಲ್ ಪ್ಲೂಮಿಯೇ 17ನೇ ಶತಮಾನದ ಕೊನೆಯಲ್ಲಿ ತನ್ನ ಆಶ್ರಯದಾತನ ಹೆಸರನ್ನು ಗಿಡಕ್ಕಿಟ್ಟ. 1753ರಲ್ಲಿ ಲಿನೇಯಸ್ ಅದನ್ನೇ ಉಳಿಸಿಕೊಂಡ. ದೊಡ್ಡವರನ್ನು ಮೆಚ್ಚಿಸಲು ಇಟ್ಟ ಹೆಸರು ದೊಡ್ಡವರು ಮರೆತುಹೋದ ಮೇಲೂ ಉಳಿದ ಉದಾಹರಣೆ ಇದೊಂದೇ ಅಲ್ಲ.

ಬೆಳೆಸುವವರನ್ನು ಮರುಳು ಮಾಡುವುದು ಹೂವಲ್ಲ, ಎಲೆ. ಅಸ್ಸಾಮಿನ ಕಡೆಯಿಂದ ಯುರೋಪಿಗೆ ಹೋಗಿ 1857ರಲ್ಲಿ ಹೆಸರು ಪಡೆದ ಬಿಗೋನಿಯಾ ರೆಕ್ಸ್ ಎಂಬ ನಮ್ಮ ದೇಶದ ಗಿಡ, ಬೆಳ್ಳಿಪಟ್ಟೆಯ ಎಲೆಯಿಂದ ಅಲ್ಲಿನ ತೋಟಗಾರರ ನಿದ್ದೆ ಕೆಡಿಸಿತು. ಇಂದು ಮಾರುಕಟ್ಟೆಯಲ್ಲಿ ಸಿಗುವ ಸುರುಳಿ ಎಲೆಯ, ನೇರಳೆ ಅಂಚಿನ ನೂರಾರು ತಳಿಗಳ ಹಿಂದೆ ಅದರ ರಕ್ತವಿದೆ. 1952ರಲ್ಲಿ ಮಾರಿಸ್ ಮೇಸನ್ ಎಂಬಾತ ಸಿಂಗಪುರದಿಂದ ಇಂಗ್ಲೆಂಡಿಗೆ ಒಯ್ದ ಬಿಗೋನಿಯಾ ಮಸೋನಿಯಾನಾಕ್ಕೆ ಗುಳ್ಳೆಗುಳ್ಳೆಯ ಹಸಿರು ಎಲೆ, ನಡುವೆ ಕಂದುಬಣ್ಣದ ಅಗಲ ಶಿಲುಬೆಯ ಗುರುತು. ಸಾರಾವಾಕ್‌ನ ಕಾಡಿನಿಂದ 2014ರಲ್ಲಿ ವರದಿಯಾದ ಒಂದು ಜಾತಿಯ ಎಲೆ ಕಪ್ಪೆನ್ನುವಷ್ಟು ಗಾಢ, ಅಂಚಿನಲ್ಲಿ ಮಾತ್ರ ತಿಳಿಬಣ್ಣದ ಗೆರೆ. ಅದಕ್ಕೆ ಸಿನಿಮಾದ ಕರಿಮುಸುಕಿನ ಖಳನಾಯಕನ ಹೆಸರಿಟ್ಟು ಬಿಗೋನಿಯಾ ಡಾರ್ತ್‌ವೇಡರಿಯಾನಾ ಎಂದರು. ಸಬಾದ ಸುಣ್ಣಕಲ್ಲಿನ ಗುಡ್ಡದ ಬಿಗೋನಿಯಾ ಆಂಫಿಯಾಕ್ಸಸ್‌ನ ಎಲೆ ಎರಡೂ ತುದಿಗೆ ಚೂಪು, ಮೈತುಂಬ ಕೆಂಪು ಚುಕ್ಕೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಮಲೇಷ್ಯಾದ ಬಿಗೋನಿಯಾ ಪವೊನೀನಾ. ಕಾಡಿನ ನೆಲದಲ್ಲಿ, ಮರಗಳ ಮೇಲಾವರಣ ದಾಟಿ ಬರುವ ಚೂರುಪಾರು ಬೆಳಕಿನಲ್ಲಿ ಬದುಕುವ ಗಿಡ. ಒಂದು ಕೋನದಿಂದ ನೋಡಿದರೆ ಅದರ ಎಲೆ ನವಿಲಿನ ಕತ್ತಿನ ನೀಲಿ. ಎಲೆಯನ್ನು ಅರೆದರೆ ಆ ನೀಲಿ ಸಿಗುವುದಿಲ್ಲ, ಏಕೆಂದರೆ ಅದು ಬಣ್ಣದ ವಸ್ತುವೇ ಅಲ್ಲ. ಎಲೆಯ ಮೇಲ್ಪದರದ ಜೀವಕೋಶಗಳಲ್ಲಿರುವ ವಿಶೇಷ ಹರಿತ್ತಿನ ಕಣಗಳಲ್ಲಿ ಪೊರೆಗಳು ಒಂದರ ಮೇಲೊಂದು, ಸಮ ಅಂತರದಲ್ಲಿ ಜೋಡಿಸಿಕೊಂಡಿರುತ್ತವೆ. ಆ ಅಂತರ ಎಷ್ಟು ಸೂಕ್ಷ್ಮವೆಂದರೆ ನೀಲಿ ಬೆಳಕು ತಿರುಗಿ ಬೀಳುತ್ತದೆ. ನೆರಳಿನಲ್ಲಿ ಹೆಚ್ಚಾಗಿ ಉಳಿದಿರುವ ಹಸಿರು ಬೆಳಕು, ಜೊತೆಗೆ ಕೆಂಪು ಬೆಳಕು ಒಳಗೆ ನಿಧಾನಗೊಂಡು ಹೆಚ್ಚು ಹೀರಲ್ಪಡುತ್ತದೆ. 2016ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡ ಇದನ್ನು ಪರೀಕ್ಷಿಸಿ, ಮಂದ ಬೆಳಕಿನಲ್ಲಿ ಈ ಏರ್ಪಾಡಿನಿಂದ ದ್ಯುತಿಸಂಶ್ಲೇಷಣೆಯ ದಕ್ಷತೆ ಶೇಕಡಾ 5ರಿಂದ 10ರಷ್ಟು ಏರುತ್ತದೆ ಎಂದು ತೋರಿಸಿತು. ನಮಗೆ ಸೊಗಸಾಗಿ ಕಾಣುವ ನೀಲಿ ಆ ಗಿಡಕ್ಕೆ ಬಡತನದ ಸಂಸಾರ ತೂಗಿಸುವ ಉಪಾಯ. ಇದರಿಂದ ಬೆಳೆಸುವವರಿಗೊಂದು ಪಾಠವೂ ಉಂಟು. ಗಿಡ ಸೊರಗಿತೆಂದು ಕಿಟಕಿಯ ಬಿಸಿಲಿಗೆ ಒಯ್ದಿಟ್ಟರೆ ನೀಲಿ ಮಂಕಾಗಿ ಸಾಧಾರಣ ಹಸಿರೆಲೆ ಉಳಿಯುತ್ತದೆ.

ಈಗ ಕೆಲಸಕ್ಕೆ ಬರೋಣ. ಬಿಗೋನಿಯಾ ಸಾಯುವುದು ನೀರಿಲ್ಲದೆ ಎಂದು ಹೊಸಬರು ತಿಳಿಯುತ್ತಾರೆ. ಎಲೆ ಬಾಡಿದ್ದು ಕಂಡರೆ ನೀರು ಹೊಯ್ಯುತ್ತಾರೆ, ಮಾರನೇ ದಿನ ಇನ್ನಷ್ಟು ಬಾಡಿರುತ್ತದೆ, ಇನ್ನಷ್ಟು ಹೊಯ್ಯುತ್ತಾರೆ. ಅಸಲಿಗೆ ಬೇರು ಕೊಳೆತು ನೀರು ಎಳೆಯುವ ಶಕ್ತಿ ಹೋಗಿಯೇ ಎಲೆ ಬಾಡಿರುತ್ತದೆ. ಈ ಗಿಡ ಕಾಡಿನಲ್ಲಿ ಎಲ್ಲಿರುತ್ತದೆ ಎಂದು ನೆನೆದರೆ ಕಾರಣ ತಾನೇ ಹೊಳೆಯುತ್ತದೆ. ಬಂಡೆಯ ಬಿರುಕಿನಲ್ಲಿ ಹಿಡಿ ಎಲೆಗೊಬ್ಬರ, ಒಂದಿಷ್ಟು ಪಾಚಿ. ಅಲ್ಲಿ ಮಳೆ ಎಷ್ಟೇ ಸುರಿದರೂ ಬೇರಿನ ಬಳಿ ನಿಲ್ಲುವುದಿಲ್ಲ, ಜಾರಿಹೋಗುತ್ತದೆ. ಕೂದಲೆಳೆಯಂಥ ಬೇರುಗಳಿಗೆ ನೀರಿನಷ್ಟೇ ಉಸಿರಾಡಲು ಗಾಳಿಯೂ ಸಿಗುತ್ತದೆ. ಎಲೆಯ ಸುತ್ತಲಿನ ಗಾಳಿ ಮಾತ್ರ ಸದಾ ತೇವ. ನಮ್ಮ ಮನೆಗಳಲ್ಲಿ ಇದೆಲ್ಲ ತಿರುವುಮುರುವು: ಕುಂಡದಲ್ಲಿ ಕೆಸರು, ಗಾಳಿಯಲ್ಲಿ ಬರ. ಅದನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸುವುದೇ ಈ ಕಸುಬಿನ ಎಲ್ಲ ಕೆಲಸ.

ಮಣ್ಣಿನಿಂದ ಶುರುಮಾಡಬೇಕು. ಮೂಡಲಗಿ ಸೀಮೆಯ ಎರೆಮಣ್ಣು ಜೋಳಕ್ಕೆ, ಕಬ್ಬಿಗೆ ಬಂಗಾರ, ಬಿಗೋನಿಯಾಕ್ಕೆ ಸಮಾಧಿ. ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು, ಎರಡರಲ್ಲೂ ಬೇರು ಹರಿಯುತ್ತದೆ. ಮಸಾರಿ ಮಣ್ಣೂ ಕುಂಡದಲ್ಲಿ ಕಾಲಕ್ರಮೇಣ ಗಟ್ಟಿಯಾಗುತ್ತದೆ. ಅನುಭವಿಗಳ ಕುಂಡದಲ್ಲಿ ಹೊಲದ ಮಣ್ಣೇ ಇರುವುದಿಲ್ಲ. ತೆಂಗಿನ ನಾರಿನ ಪುಡಿ ಎರಡು ಪಾಲು, ಪರ್ಲೈಟ್ ಅಥವಾ ಜರಡಿ ಹಿಡಿದ ಇಟ್ಟಿಗೆಯ ಸಣ್ಣ ಚೂರು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಇಲ್ಲವೇ ಎರೆಹುಳು ಗೊಬ್ಬರ ಅರ್ಧ ಪಾಲು, ಮೇಲೊಂದು ಹಿಡಿ ಇದ್ದಿಲ ಚೂರು. ನಾರಿನ ಪುಡಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ಎರಡು ಮೂರು ನೀರಿನಲ್ಲಿ ತೊಳೆದೇ ಬಳಸಬೇಕು. ಬೆರೆಸಿದ್ದನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉಂಡೆ ನಿಲ್ಲದೆ ಉದುರಬೇಕು. ಈ ಪರೀಕ್ಷೆ ಯಾವ ಅಳತೆಗಿಂತಲೂ ನಂಬಿಗಸ್ತ.

ಕುಂಡ ಆಳವಿರಬಾರದು. ನೆಲದ ಮೇಲೆ ಹರಿದು ಹೋಗುವ ಗಡ್ಡೆಬೇರಿನ ಜಾತಿಗಳಿಗಂತೂ ಅಗಲವಾದ, ಗಿಡ್ಡ ಬೋಗುಣಿಯೇ ಲೇಸು. ದೊಡ್ಡ ಕುಂಡ ಕೊಟ್ಟರೆ ಗಿಡ ಬೇಗ ಬೆಳೆದೀತೆಂಬುದು ಇನ್ನೊಂದು ಭ್ರಮೆ; ಬೇರು ಮುಟ್ಟದ ಜಾಗದ ತೇವ ಹಾಗೇ ಉಳಿದು ಹುಳಿಯುತ್ತದೆ. ನೀರು ಯಾವಾಗ ಹಾಕಬೇಕು? ವಾರಕ್ಕೆ ಇಷ್ಟು ಸಲ ಎಂದು ಹೇಳುವ ಪುಸ್ತಕಗಳನ್ನು ನಾನು ನಂಬುವುದಿಲ್ಲ. ಕುಂಡವನ್ನು ಎತ್ತಿ ನೋಡಬೇಕು. ನೀರುಂಡ ಕುಂಡದ ಭಾರ, ಒಣಗಿದ ಕುಂಡದ ಹಗುರ ಎರಡೂ ಕೈಗೆ ತಿಳಿದುಬಿಟ್ಟರೆ ಲೆಕ್ಕ ಮುಗಿಯಿತು. ಮೇಲ್ಮಣ್ಣು ಒಂದು ಬೆರಳ ಗೆಣ್ಣಿನಷ್ಟು ಒಣಗಿ, ಕುಂಡ ಹಗುರಾದಾಗ ತಳದಿಂದ ಹರಿದುಹೋಗುವಂತೆ ನೀರು ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು.

ಯಾವ ನೀರು ಎಂಬುದೂ ಮುಖ್ಯ. ನಮ್ಮ ಕಡೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಬಚ್ಚಲ ಹಂಡೆಗೆ ಹಿಡಿಯುವ ಬಿಳಿ ಕಿಟ್ಟವನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಸುಣ್ಣ ಕುಂಡದಲ್ಲಿ ದಿನದಿನಕ್ಕೆ ಸೇರಿ ಎಲೆಯ ಅಂಚು ಸುಡುತ್ತದೆ. ಮಾಳಿಗೆಯ ಮೇಲೆ ಬಿದ್ದ ಮಳೆನೀರು ಹಿಡಿದಿಟ್ಟವರೇ ಜಾಣರು. ಅದು ಮುಗಿದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕವಿದೆ, ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ, ಹತ್ತು ಹನ್ನೆರಡು ಕುಂಡಗಳಿಗೆ ಅದು ಬಹಳ ದಿನ ಸಾಕು. ಗೊಬ್ಬರದ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ: ಪೊಟ್ಟಣದ ಮೇಲೆ ಬರೆದದ್ದರ ಕಾಲು ಭಾಗ, ಅದೂ ಗಿಡ ಚಿಗುರುತ್ತಿರುವಾಗ ಮಾತ್ರ.

ಕಷ್ಟದ್ದು ಗಾಳಿ. ಏಪ್ರಿಲ್ ಮಧ್ಯಾಹ್ನ ಗೋಕಾಕದ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 30ಕ್ಕಿಂತ ಕೆಳಗಿಳಿಯುತ್ತದೆ. ಮಳೆಕಾಡಿನ ಸೂಕ್ಷ್ಮ ಜಾತಿಗಳಿಗೆ 70, 80 ಬೇಕು. ಪಿಚಕಾರಿಯಿಂದ ಎಲೆಗೆ ನೀರು ಸಿಂಪಡಿಸಿದರೆ ತೇವ ಬಂದೀತೆಂದು ಬಹಳ ಜನ ನಂಬಿದ್ದಾರೆ. ಅದರಿಂದ ಗಾಳಿಯ ತೇವ ಏರುವುದು ಕೆಲವೇ ನಿಮಿಷ. ರೋಮವಿರುವ ಎಲೆಗಳ ಮೇಲೆ ನಿಂತ ಹನಿ ಮಾತ್ರ ಕೊಳೆರೋಗಕ್ಕೆ ದಾರಿ ಮಾಡಿಕೊಡುತ್ತದೆ. ಈ ಸಂಗತಿಯನ್ನು ನಮ್ಮ ಎಲೆಬಳ್ಳಿ ತೋಟದವರು ಎಂದೋ ಕಂಡುಕೊಂಡಿದ್ದಾರೆ. ಸವಣೂರಿನಂಥ ಬಯಲುನಾಡಿನಲ್ಲಿ ಮಲೆನಾಡಿನ ಗುಣದ ವೀಳ್ಯದೆಲೆ ಬೆಳೆಯುವುದು ಹೇಗೆ? ನೆರಳಿಗೆ, ಬಳ್ಳಿ ಹಬ್ಬಿಸಲಿಕ್ಕೆ ಒತ್ತಾಗಿ ಚೊಗಚೆ, ನುಗ್ಗೆಯ ಸಾಲು. ಬಿಸಿಗಾಳಿ ನುಗ್ಗದಂತೆ ಸುತ್ತ ಬಾಳೆ. ನಡುವೆ ಸಣ್ಣ ಕಾಲುವೆಯಲ್ಲಿ ತೇವ. ತೋಟದೊಳಗೆ ಕಾಲಿಟ್ಟರೆ ಹವೆಯೇ ಬೇರೆ. ಎಲೆಗೆ ನೀರು ಎರಚಿ ಅವರು ಇದನ್ನು ಸಾಧಿಸಿಲ್ಲ, ನೀರಾವಿ ಓಡಿಹೋಗದಂತೆ ಕಟ್ಟಿಹಾಕಿ ಸಾಧಿಸಿದ್ದಾರೆ. ಬಿಗೋನಿಯಾ ಬೆಳೆಸುವವರು ಮನೆಯೊಳಗೆ ಮಾಡುವುದೂ ಇದನ್ನೇ, ಅಳತೆಯಷ್ಟೇ ಚಿಕ್ಕದು.

ಎಲ್ಲಕ್ಕೂ ಸುಲಭದ ಸಲಕರಣೆ ಮೀನು ಸಾಕುವ ಗಾಜಿನ ತೊಟ್ಟಿ. ತಳದಲ್ಲಿ ಎರಡು ಬೆರಳು ಇಟ್ಟಿಗೆ ಚೂರು, ಅದು ಮುಳುಗದಷ್ಟು ನೀರು, ಮೇಲೆ ಜಾಳಿಗೆಯ ಮಣೆ, ಮಣೆಯ ಮೇಲೆ ಕುಂಡಗಳು, ಬಾಯಿಗೆ ಗಾಜಿನ ಮುಚ್ಚಳ. ಗಿಡ ಬಿಟ್ಟ ನೀರಾವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಕೆಳಗಿಳಿಯುತ್ತದೆ. ಹೀಗೆ ನೀರು ಒಳಗೇ ಸುತ್ತುವುದರಿಂದ ವಾರಗಟ್ಟಲೆ ನೀರು ಹಾಕುವ ಕೆಲಸವಿರುವುದಿಲ್ಲ. ಇದು ಕಂಡುಬಂದದ್ದು ಆಕಸ್ಮಿಕವಾಗಿ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಸೀಸೆಯಲ್ಲಿ ಮುಚ್ಚಿಟ್ಟಿದ್ದ. ಪತಂಗಕ್ಕಾಗಿ ಕಾದವನಿಗೆ ಮಣ್ಣಿನಿಂದ ಜರಿಗಿಡ ಮತ್ತು ಹುಲ್ಲು ಮೊಳೆತದ್ದು ಕಂಡಿತು, ಹೊಗೆ ತುಂಬಿದ ಲಂಡನ್ನಿನಲ್ಲಿ ಹೊರಗೆ ನೆಟ್ಟ ಜರಿಗಿಡಗಳು ಬದುಕದೇ ಇದ್ದಾಗ. ಆತನ ಗಾಜಿನ ಪೆಟ್ಟಿಗೆಗಳು ಮುಂದೆ ಹಡಗು ಹತ್ತಿದವು. ಚೀನಾದ ಚಹಾ ಸಸಿಗಳು 19ನೇ ಶತಮಾನದ ನಡುವೆ ಹಿಮಾಲಯದ ತಪ್ಪಲಿಗೆ ಬಂದದ್ದೂ ಅಂಥ ಪೆಟ್ಟಿಗೆಗಳಲ್ಲೇ. ನಾವು ಬೆಳಿಗ್ಗೆದ್ದು ಕುಡಿಯುವ ಚಹಾಕ್ಕೂ ಈ ಮೀನಿನ ತೊಟ್ಟಿಗೂ ಇಂಥದೊಂದು ನಂಟಿದೆ.

ತೊಟ್ಟಿಯ ವಿಷಯದಲ್ಲಿ ಒಂದು ಕಟ್ಟಪ್ಪಣೆ ಇದೆ. ನೇರ ಬಿಸಿಲು ಅದರ ಮೇಲೆ ಒಂದು ಗಳಿಗೆಯೂ ಬೀಳಬಾರದು. ಗಾಜಿನೊಳಗೆ ಹೊಕ್ಕ ಬಿಸಿ ಹೊರಬರುವುದಿಲ್ಲ, ಅರ್ಧ ತಾಸಿನಲ್ಲಿ ಗಿಡ ಬೆಂದಿರುತ್ತದೆ. ಮುಚ್ಚಳವನ್ನು ಪೂರ್ತಿ ಬಿಗಿಯದೆ ಒಂದು ಸೀಳು ಬಿಡಬೇಕು, ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಬೇಕು. ಗಾಜಿನ ಮೇಲೆ ಬೆಳಿಗ್ಗೆ ಮಸುಕು ಕಟ್ಟಿ ಮಧ್ಯಾಹ್ನಕ್ಕೆ ಕರಗಿದರೆ ಹದ ಸರಿ. ದಿನವಿಡೀ ನೀರಿಳಿಯುತ್ತಿದ್ದರೆ ಒದ್ದೆ ಹೆಚ್ಚು.

ಗಟ್ಟಿಮುಟ್ಟಾದ ಜಾತಿಗಳಿಗೆ ತೊಟ್ಟಿಯ ಗೊಡವೆ ಬೇಡ. ಅವಕ್ಕೆ ಬೇಸಿಗೆ ಕಳೆಯಲು ಕುಂಬಾರರ ಕುಂಡ ಸಾಕು. ಮೆರುಗು ಹಚ್ಚದ ದೊಡ್ಡ ಮಣ್ಣಿನ ಕುಂಡದೊಳಗೆ ಚಿಕ್ಕ ಕುಂಡ ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಆ ಮರಳನ್ನು ಮಾತ್ರ ಒದ್ದೆ ಇಡಬೇಕು. ಹೊರಗೋಡೆಯಿಂದ ನೀರು ಆರುತ್ತ ಹೋದಂತೆ ಒಳಗಿನ ಬೇರು ತಣ್ಣಗಿರುತ್ತದೆ, ಎಲೆಯ ಸುತ್ತ ತೇವವೂ ಇರುತ್ತದೆ. ಗಾಳಿ ಎಷ್ಟು ಒಣಗಿದೆಯೋ ಈ ಉಪಾಯ ಅಷ್ಟು ಚೆನ್ನಾಗಿ ನಡೆಯುತ್ತದೆ. ಹುಕ್ಕೇರಿಯ ಒಣಹವೆ ಇಲ್ಲಿ ವೈರಿಯಲ್ಲ, ಕೂಲಿಯಾಳು. ಮಂಗಳೂರಿನವರಿಗೆ ಇದು ಇಷ್ಟು ಫಲ ಕೊಡಲಾರದು. ಜೊತೆಗೆ ಗಿಡಗಳನ್ನು ಒಂದೆಡೆ ಒತ್ತಾಗಿ ಇಟ್ಟರೆ ಒಂದರ ಉಸಿರು ಇನ್ನೊಂದಕ್ಕೆ ಒದಗುತ್ತದೆ. ಪಡಸಾಲೆಯ ಒಳಮೂಲೆ, ದಪ್ಪ ಕಲ್ಲುಗೋಡೆಯ ಹಳೆಯ ಮನೆಯಾದರೆ ಇನ್ನೂ ಲೇಸು. ಮೇ ತಿಂಗಳಲ್ಲೂ ಅಲ್ಲಿ ಹೊರಗಿನ ಉರಿ ಅಷ್ಟಾಗಿ ತಟ್ಟುವುದಿಲ್ಲ. ತಗಡಿನ ಮಾಡಿನ ಕೆಳಗೆ ಮಾತ್ರ ಯಾವ ಉಪಾಯವೂ ನಡೆಯದು.

ಬೆಳಕಿಗೆ ಬಡಗಣ ಕಿಟಕಿ ಅಥವಾ ಮೂಡಣದ ಎಳೆಬಿಸಿಲು ಒಳ್ಳೆಯದು. ಪಡುವಣ ಕಿಟಕಿಗೆ ತೆಳುಪರದೆ ಬೇಕೇ ಬೇಕು. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಬೆಳೆಸುವವರು ಬಿಳಿ ಎಲ್‌ಇಡಿ ಪಟ್ಟಿ ಕಟ್ಟುತ್ತಾರೆ. 20 ವಾಟಿನ ಪಟ್ಟಿ ದಿನಕ್ಕೆ 12 ತಾಸು ಉರಿದರೆ ತಿಂಗಳಿಗೆ ಏಳು ಯೂನಿಟ್‌ಗಿಂತ ತುಸು ಹೆಚ್ಚು, ಅಷ್ಟೇ. ಅಂದಹಾಗೆ, ಹುಕ್ಕೇರಿಯ ಹಳ್ಳಿಗಳಿಗೆ ವಿದ್ಯುತ್ ಹಂಚುವುದು ಸರಕಾರಿ ಕಂಪನಿಯಲ್ಲ, 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಆ ಬೆಳಕಿನಲ್ಲಿ ಬೋರ್ನಿಯೋದ ಎಲೆ ಬೆಳೆಯಬಹುದೆಂದು ಅದನ್ನು ಕಟ್ಟಿದವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಇಷ್ಟರವರೆಗೆ ಹೇಳಿದ್ದು ಗಿಡ ಉಳಿಸಿಕೊಳ್ಳುವ ಮಾತು. ಕಸುಬಿನ ನಿಜವಾದ ಚೆಲುವು ಕಾಣುವುದು ಗಿಡದಿಂದ ಗಿಡ ಮಾಡುವಾಗ. ಬಹುತೇಕ ಗಿಡಗಳಿಗೆ ಕಣ್ಣಿರುವ ಕಡ್ಡಿ ಬೇಕು, ಬೀಜ ಬೇಕು. ರೆಕ್ಸ್ ಮತ್ತು ಅದರ ಬಳಗದ ಬಿಗೋನಿಯಾಗಳಿಗೆ ಒಂದು ಎಲೆ ಸಾಕು, ಎಲೆಯ ಚೂರಾದರೂ ಸಾಕು. ಕತ್ತರಿಸಿದ ನರದ ಬಳಿಯ ಜೀವಕೋಶಗಳು ತಮ್ಮ ಎಲೆತನ ಮರೆತು ಮತ್ತೆ ಮೊದಲಿಂದ ವಿಭಜನೆಗೆ ತೊಡಗುತ್ತವೆ, ಕೆಳಗೆ ಬೇರು, ಮೇಲೆ ಮೊಗ್ಗು ಹುಟ್ಟಿಸುತ್ತವೆ.

ಮಾಡುವ ರೀತಿ ಹೀಗೆ. ಎಳಸೂ ಅಲ್ಲದ, ಮುದಿಯೂ ಅಲ್ಲದ, ಕಲೆಯಿಲ್ಲದ ಎಲೆ ಆರಿಸಬೇಕು. ಹೊಸ ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಳ್ಳಬೇಕು. ಕತ್ತರಿ ಬಳಸಿದರೆ ಅಂಚು ಜಜ್ಜುತ್ತದೆ, ಜಜ್ಜಿದ್ದು ಕೊಳೆಯುತ್ತದೆ. ಎಲೆಯನ್ನು ಬೆನ್ನುಮೇಲಾಗಿ ಮಣೆಯ ಮೇಲೆ ಹಾಸಿದರೆ ತೊಟ್ಟು ಸೇರುವ ಬಿಂದುವಿನಿಂದ ಬೆರಳುಗಳಂತೆ ಹರಡಿದ ನರಗಳು ಕಾಣುತ್ತವೆ. ಪ್ರತಿ ಚೂರಿಗೂ ಒಂದು ದಪ್ಪ ನರ ಬರುವಂತೆ, ಚೂಪು ತುದಿ ತೊಟ್ಟಿನ ಕಡೆ ಇರುವಂತೆ ಮುಕ್ಕೋನವಾಗಿ ಕೊಯ್ಯಬೇಕು. ಚೂಪು ತುದಿಯನ್ನು ಒದ್ದೆ ಮಾಡಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯಲ್ಲೋ ತೊಳೆದ ನಾರಿನ ಪುಡಿಯಲ್ಲೋ ಅರ್ಧ ಇಂಚು ಊರಿ, ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ನೆರಳು ಬೆಳಕಿಗೆ ಇಡಬೇಕು. ಸ್ವೀಟಿನಂಗಡಿಯಿಂದ ಕರದಂಟು ಬರುವ ಪ್ಲಾಸ್ಟಿಕ್ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದ್ದು. ಗೋಕಾಕದವರ ಮನೆಯಲ್ಲಿ ಅದಕ್ಕೆ ಬರವಿಲ್ಲ. ತುಪ್ಪದ ಜಿಡ್ಡು ಮಾತ್ರ ಬಿಸಿನೀರಿನಲ್ಲಿ ತೊಳೆದಿರಬೇಕು.

ಆಮೇಲೆ ಕಾಯುವುದು. ಮೂರು ನಾಲ್ಕು ವಾರಕ್ಕೆ ಬೇರು ಬಂದಿರುತ್ತದೆ. ಎಳೆದು ನೋಡುವ ಆಸೆಯನ್ನು ಅದುಮಿಕೊಳ್ಳಬೇಕು. ಎರಡು ತಿಂಗಳ ಹೊತ್ತಿಗೆ ಚೂರಿನ ಬುಡದಲ್ಲಿ ಸಾಸಿವೆಯಷ್ಟು ಕೆಂಪು ಮೊಗ್ಗು, ನಂತರ ಉಗುರಿನಷ್ಟು ಎಲೆ. ಆ ಪುಟ್ಟ ಎಲೆಯಲ್ಲೂ ತಾಯಿಯ ಬೆಳ್ಳಿಪಟ್ಟೆ ಇರುತ್ತದೆ. ಮೂರು ನಾಲ್ಕು ಎಲೆಯಾಗುವ ತನಕ ಡಬ್ಬಿಯಿಂದ ತೆಗೆಯುವಂತಿಲ್ಲ. ತೆಗೆಯುವಾಗಲೂ ಒಮ್ಮೆಲೇ ಹೊರಗಿಡದೆ, ಮುಚ್ಚಳವನ್ನು ದಿನಕ್ಕಷ್ಟು ಸರಿಸುತ್ತ ಒಣಗಾಳಿಗೆ ರೂಢಿ ಮಾಡಿಸಬೇಕು. ಬೇಸಿಗೆಯಲ್ಲಿ ಇದಕ್ಕೆ ಹದಿನೈದು ದಿನ ಹಿಡಿದರೂ ಅವಸರ ಸಲ್ಲದು.

ಬೀಜದಿಂದ ಬೆಳೆಸುವವರು ಇನ್ನೂ ಸೂಕ್ಷ್ಮದವರು. ಬಿಗೋನಿಯಾದ ಬೀಜ ನಶ್ಯಪುಡಿಯಷ್ಟು ನುಣುಪು, ಒಂದು ಗ್ರಾಮಿಗೆ ಹತ್ತಾರು ಸಾವಿರ. ಬಿತ್ತುವಾಗ ಉಸಿರು ಬಿಗಿಹಿಡಿಯಬೇಕು. ಮೊಳೆಯಲು ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚುವಂತಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಬೀಜದ ಒಂದು ತುದಿಗೆ ಪುಟ್ಟ ಮುಚ್ಚಳ, ಅದರ ಕೆಳಗೆ ಸುತ್ತಲೂ ಉದ್ದನೆಯ ಕೋಶಗಳ ಕೊರಳಪಟ್ಟಿ ಕಾಣುತ್ತದೆ. ಮೊಳಕೆ ಹೊರಬೀಳುವುದು ಆ ಪಟ್ಟಿ ಸೀಳಿದಾಗ. ಇಷ್ಟು ಸಣ್ಣ ವಸ್ತುವಿನಲ್ಲಿ ಇಷ್ಟು ಕುಸುರಿ!

ರೋಗಗಳು ಮೂರು ನಾಲ್ಕೇ. ಬಿಳಿಬೂದಿಯಂತೆ ಹಬ್ಬುವ ಬೂದಿರೋಗ ಗಾಳಿಯಾಡದಿದ್ದಾಗ ಬರುತ್ತದೆ. ಹತ್ತಿಯಂತೆ ಅಂಟುವ ಹಿಟ್ಟುತಿಗಣೆಯನ್ನು ಸ್ಪಿರಿಟ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬಹುದು. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು ತೋಟದ ಮಣ್ಣು ಬಳಸಿದವರಿಗೆ ಕಟ್ಟಿಟ್ಟ ಬುತ್ತಿ, ಅಂಥ ಗಿಡವನ್ನು ಎಸೆಯುವುದೇ ದಾರಿ. ಮೂಡಲಗಿ ತಾಲೂಕಿನ ಅರಭಾವಿಯಲ್ಲಿರುವ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ದ್ರಾಕ್ಷಿಯ ಬೂದಿರೋಗ, ದಾಳಿಂಬೆಯ ಜಂತುಹುಳುವಿನ ಬಗ್ಗೆ ಅಂಥ ಕಡೆ ಕಲಿತ ಹುಡುಗರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಕಿಟಕಿಯ ಗಿಡಕ್ಕೂ ಆ ವಿದ್ಯೆ ಹೊಂದುತ್ತದೆ.

ಅಂಬೋಲಿಯ ಕ್ರೆನಾಟಾದ ವಿಷಯಕ್ಕೆ ಬಂದರೆ, ಅದನ್ನು ಬೆಳೆಸುವುದು ಬೋರ್ನಿಯೋದ ಗಿಡಕ್ಕಿಂತ ಬೇರೆಯದೇ ವಿದ್ಯೆ. ಅದಕ್ಕೆ ನೆಲದೊಳಗೆ ಪುಟ್ಟ ಗಡ್ಡೆ. ಮಳೆ ನಿಂತ ಮೇಲೆ ಎಲೆ ಹಳದಿಯಾಗಿ ದಂಟು ಕಳಚಿ ಬೀಳುತ್ತದೆ, ಗಿಡ ಸತ್ತಿತೆಂದು ಕುಂಡ ಸುರಿದುಬಿಡುವವರು ಬಹಳ. ಗಡ್ಡೆ ನಿದ್ದೆಗೆ ಹೋಗಿರುತ್ತದೆ ಅಷ್ಟೇ. ಆಗ ನೀರು ಪೂರ್ತಿ ನಿಲ್ಲಿಸಿ, ಕುಂಡವನ್ನು ಕಪಾಟಿನ ಮೇಲೆ ಇಟ್ಟು ಮರೆಯಬೇಕು. ವರ್ಷವಿಡೀ ಹಸಿರು ಬೇಕೆನ್ನುವವರಿಗೆ ಇದು ಒಗ್ಗದು, ಆದರೆ ಬೇಸಿಗೆಯಲ್ಲಿ ಮಲಗಿ ಮಳೆಗಾಲದಲ್ಲಿ ಏಳುವ ಈ ಕ್ರಮ ನಮ್ಮ ಹವೆಗೆ ಸರಿಯಾಗಿ ಹೊಂದುತ್ತದೆ. ನಮ್ಮ ಒಣಸೀಮೆಗೆ ಪರದೇಶದ ದುಬಾರಿ ಗಿಡಕ್ಕಿಂತ ಇದೇ ತಕ್ಕದ್ದೆಂದು ನನ್ನ ಅಭಿಪ್ರಾಯ.

ಹಾಗೆಂದು ಗುದ್ದಲಿ ಹಿಡಿದು ಘಟ್ಟಕ್ಕೆ ಹೋಗುವುದಲ್ಲ. ಖಾನಾಪುರದ ಭೀಮಗಡ 2011ರಿಂದ ವನ್ಯಜೀವಿಧಾಮ, ಅಲ್ಲಿಂದ ಒಂದು ಗಡ್ಡೆ ಕಿತ್ತರೂ ಅಪರಾಧ. ಕಾನೂನಿನ ಮಾತು ಹಾಗಿರಲಿ, ಅಪರೂಪದ ಬಿಗೋನಿಯಾಗಳು ಅಪರೂಪವಾಗಿರುವುದೇ ಒಂದೊಂದು ಜಾತಿ ಒಂದೊಂದು ಗುಡ್ಡಕ್ಕೆ, ಒಂದೊಂದು ಕಣಿವೆಗೆ ಅಂಟಿಕೊಂಡಿರುವುದರಿಂದ. ಗುಡ್ಡ ಕಲ್ಲಿನ ಗಣಿಯಾದರೆ ಜಾತಿಯೂ ಹೋಯಿತು. ಒಂದೆಲೆಯಿಂದ ಹತ್ತು ಗಿಡ ಮಾಡಬಹುದಾದ ಗಿಡವನ್ನು ಕಾಡಿನಿಂದ ಬೇರುಸಹಿತ ಕಿತ್ತು ಮಾರುವವರನ್ನು ಕಂಡರೆ ನನಗೆ ಸಿಟ್ಟಿಗಿಂತ ಸೋಜಿಗ ಹೆಚ್ಚು. ಬೆಳೆಸುವವರ ನಡುವೆ ಎಲೆ ವಿನಿಮಯದ ಒಳ್ಳೆಯ ಸಂಪ್ರದಾಯವಿದೆ. ಒದ್ದೆ ಪಾಚಿಯಲ್ಲಿ ತೊಟ್ಟು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿ ಕಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿದ ಎಲೆ ಮೂರು ನಾಲ್ಕು ದಿನದ ಅಂಚೆ ಪಯಣ ತಾಳುತ್ತದೆ.

ಮೊದಲ ಸಲ ಕೈಹಾಕುವವರು ನೀಲಿ ಎಲೆಯ ಆಸೆಗೆ ಬೀಳದೆ ನೆಲಕ್ಕೆ ಹರಿಯುವ ಗಡ್ಡೆಬೇರಿನ ಜಾತಿಯೊಂದನ್ನು, ಇಲ್ಲವೇ ಬ್ರೆಜಿಲ್ ಮೂಲದ, ಎಲೆಯ ಮೇಲೆ ಬೆಳ್ಳಿಚುಕ್ಕೆಯಿರುವ ಮ್ಯಾಕ್ಯುಲಾಟಾವನ್ನು ತರುವುದು ಮೇಲು. ಎರಡೂ ನಮ್ಮ ಹವೆಗೆ ತೊಟ್ಟಿಯಿಲ್ಲದೆ ಹೊಂದಿಕೊಳ್ಳುತ್ತವೆ. ಕೊಳ್ಳುವ ಕಾಲವೂ ಮುಖ್ಯ. ಸಂಕ್ರಾಂತಿಯ ಚಳಿಯಲ್ಲಿ ರಾತ್ರಿ ತಾಪ 15 ಡಿಗ್ರಿಗಿಂತ ಕೆಳಗಿಳಿದಾಗ ಬಂದ ಗಿಡ ಸೆಟೆದು ನಿಲ್ಲುತ್ತದೆ. ಯುಗಾದಿಯ ನಂತರ ಬಂದದ್ದು ದಾರಿಯಲ್ಲೇ ಬೇಯುತ್ತದೆ. ಮಿರಗ ಕೂಡಿ, ಎರಡು ಮಳೆ ಬಿದ್ದು, ನೆಲದ ಬಿಸಿ ಆರಿದ ಮೇಲೆ ತರಿಸಿದರೆ ಗಿಡಕ್ಕೆ ನಾಲ್ಕು ತಿಂಗಳ ಒಳ್ಳೆಯ ಹವೆ ಸಿಗುತ್ತದೆ. ಬಂದ ಗಿಡವನ್ನು ಹದಿನೈದು ದಿನ ಬೇರೆ ಗಿಡಗಳಿಂದ ದೂರವಿಟ್ಟು, ಎಲೆಯ ಬೆನ್ನು ತಿರುವಿ ಹುಳ ನೋಡಿ, ಆಮೇಲೆ ಕುಂಡ ಬದಲಿಸಿ. ಶ್ರಾವಣದಲ್ಲಿ ಗಡ್ಡೆಬೇರಿನದಾದರೆ ಒಂದು ಎಲೆ, ಮ್ಯಾಕ್ಯುಲಾಟಾ ಆದರೆ ಕಣ್ಣಿರುವ ಕಡ್ಡಿ ಕೊಯ್ದು ಡಬ್ಬಿಗೆ ಹಾಕಿಟ್ಟರೆ, ತಾಯಿಗಿಡ ಮುಂದಿನ ಬೇಸಿಗೆ ದಾಟದಿದ್ದರೂ ದೀಪಾವಳಿಯ ಹೊತ್ತಿಗೆ ಮರಿಗಳು ಕೈಯಲ್ಲಿರುತ್ತವೆ.